ಅಡುಗೆ ಕಟ್ಟೆಗೆ ಎಂಥ ಕಲ್ಲು?



ಅರಿಶಿನ ಕಿತ್ತು, ಬೇಯಿಸಿ, ಒಣಗಿಸಿ, ಮಾರಿ ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಎರಡು ಮಾತು ಏಳುತ್ತವೆ. ಒಂದು ಮದುವೆಯದು. ಇನ್ನೊಂದು ಮನೆ ರಿಪೇರಿಯದು. ರಿಪೇರಿ ಎಂದರೆ ಮೊದಲು ಕೈ ಹಾಕುವುದು ಅಡುಗೆಮನೆಗೆ. ಅಡುಗೆಮನೆ ಎಂದರೆ ಮೊದಲು ಕೇಳುವ ಪ್ರಶ್ನೆ, ಕಟ್ಟೆಗೆ ಯಾವ ಕಲ್ಲು ಹಾಕಿಸೋಣ?

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ. ಚದರಡಿಗೆ ಎಷ್ಟು? ಬಹಳ ಮನೆಗಳಲ್ಲಿ ವಿಚಾರ ಇಲ್ಲಿಗೇ ನಿಂತುಬಿಡುತ್ತದೆ. ಅಂಗಡಿಯವರು ಒಂದು ದರ ಹೇಳುತ್ತಾರೆ. ನಾವು ಹತ್ತು ರೂಪಾಯಿ ಇಳಿಸುತ್ತೇವೆ. ಕಲ್ಲು ಮನೆಗೆ ಬರುತ್ತದೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕಲ್ಲನ್ನು ಅದರ ಗುಣ ನೋಡಿ ಆರಿಸಿ. ದುಡ್ಡನ್ನು ಪೂರ್ತಿ ಕೆಲಸಕ್ಕೆ ಲೆಕ್ಕ ಹಾಕಿ. ಚದರಡಿ ದರ ಒಂದನ್ನೇ ಹಿಡಿದು ಹೊರಟರೆ ಆಯ್ಕೆಯೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ.

ಮೊದಲು ನಮ್ಮ ನೆಲದ ಕಲ್ಲಿನ ಮಾತು.

ಚಾಮರಾಜನಗರದ ಕರಿಕಲ್ಲು ದೇಶ ದಾಟಿ ಹೋಗುವ ಕಲ್ಲು. ಕ್ವಾರಿಯಿಂದ ಎದ್ದ ದೊಡ್ಡ ದೊಡ್ಡ ದಿಮ್ಮಿಗಳು ಲಾರಿ ಏರಿ ಬಂದರಿಗೆ ಹೋಗುತ್ತವೆ. ಅಲ್ಲಿಂದ ಹಡಗು ಏರುತ್ತವೆ. ದಕ್ಷಿಣ ಭಾರತದ ಕರಿಕಲ್ಲಿಗೆ ಯೂರೋಪಿನಲ್ಲಿ, ಜಪಾನಿನಲ್ಲಿ ಸಮಾಧಿ ಕಲ್ಲಾಗಿ ಬಹಳ ಬೇಡಿಕೆ. ಸಮಾಧಿ ಕಲ್ಲು ಮಳೆ, ಹಿಮ, ಬಿಸಿಲಿನಲ್ಲಿ ತಲೆಮಾರುಗಟ್ಟಲೆ ನಿಲ್ಲಬೇಕು. ಕೆತ್ತಿದ ಹೆಸರು ಅಳಿಯಬಾರದು. ಹೊಳಪು ಮಂಕಾಗಬಾರದು. ಅಂಥ ಪರೀಕ್ಷೆಯಲ್ಲಿ ಗೆದ್ದ ಕಲ್ಲು ಇದು.

ಈ ಕಲ್ಲು ಹುಟ್ಟಿದ್ದು ಹೇಗೆ? ನಮ್ಮ ಸೀಮೆಯ ನೆಲದಡಿ ಇರುವುದು ಬಹಳ ಹಳೆಯ ಬೂದು ಬಂಡೆ. ನೂರಾರು ಕೋಟಿ ವರ್ಷಗಳ ಹಿಂದೆ ಆ ಬಂಡೆ ಬಿರುಕು ಬಿಟ್ಟಿತು. ಭೂಮಿಯ ಆಳದಿಂದ ಕುದಿಯುವ ಶಿಲಾರಸ ಆ ಬಿರುಕುಗಳಿಗೆ ನುಗ್ಗಿತು. ಅಲ್ಲೇ ಆರಿ ಗಟ್ಟಿಯಾಯಿತು. ಹೀಗೆ ನೆಲದೊಳಗೆ ಕರಿಕಲ್ಲಿನ ಉದ್ದುದ್ದ ಗೋಡೆಗಳು ನಿಂತವು. ಭೂವಿಜ್ಞಾನಿಗಳು ಇವನ್ನು ಡೈಕ್ ಎನ್ನುತ್ತಾರೆ. ಕಲ್ಲಿಗೆ ಡಾಲರೈಟ್ ಎನ್ನುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಬ್ಲ್ಯಾಕ್ ಗ್ರಾನೈಟ್ ಎಂದೇ ಹೆಸರು.

ಈ ಹುಟ್ಟಿನಿಂದ ನಮ್ಮ ಅಡುಗೆಮನೆಗೆ ಮೂರು ಲಾಭ. ಕಲ್ಲಿನ ಕಣ ಸಣ್ಣದು, ಒತ್ತೊತ್ತಾಗಿ ಹೆಣೆದುಕೊಂಡಿದೆ. ಹಾಗಾಗಿ ನೀರು, ಎಣ್ಣೆ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಎರಡನೆಯದು, ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಹುಟ್ಟಿದ ಕಲ್ಲು ಒಲೆಯಿಂದ ಇಳಿಸಿದ ಪಾತ್ರೆಗೆ ಹೆದರುವುದಿಲ್ಲ. ಮೂರನೆಯದು, ಹುಣಸೆ ರಸ, ನಿಂಬೆ ರಸ ಇದನ್ನು ತಿನ್ನುವುದಿಲ್ಲ.

ನಮ್ಮ ನೆಲದ ಕಲ್ಲಿನ ಗುಣ ಕೇಳಿದಿರಿ. ಈಗ ಅಂಗಡಿಯಲ್ಲಿ ಅದರ ಪಕ್ಕ ನಿಂತಿರುವ ಬೇರೆ ಕಲ್ಲುಗಳನ್ನು ನೋಡೋಣ.

ಒಂದು, ಕಡಪ ಕಲ್ಲು. ಆಂಧ್ರದ ಕಡಪ ಕಡೆಯಿಂದ ಬರುವುದು. ಬೆಲೆ ಕಡಿಮೆ. ಪಾಲಿಶ್ ಮಾಡಿದರೆ ಕಪ್ಪಗೆ ಕಾಣುತ್ತದೆ. ಆದರೆ ಇದು ಸುಣ್ಣದ ಕಲ್ಲು. ಹುಳಿ ಬಿದ್ದ ಜಾಗದಲ್ಲಿ ಹೊಳಪು ಹೋಗುತ್ತದೆ. ಚಾಕು ತಾಗಿದರೆ ಗೀರು ಬೀಳುತ್ತದೆ. ಕಟ್ಟೆಯ ಕೆಳಗಿನ ಕಪಾಟಿಗೆ, ಡಬ್ಬ ಇಡುವ ಹಲಗೆಗೆ ಇದು ಒಳ್ಳೆಯದು. ಕಟ್ಟೆಯ ಮೇಲ್ಮೈಗೆ ಬೇಡ.

ಎರಡು, ಅಮೃತಶಿಲೆ. ಇದೂ ಸುಣ್ಣದ ವಂಶದ್ದೇ. ದೇವರ ಮನೆಗೆ ಚೆಂದ. ನಮ್ಮದು ಅರಿಶಿನ ಬೆಳೆಯುವ ಸೀಮೆ. ನಮ್ಮ ಸಾರಿನಲ್ಲಿ ಹುಣಸೆ, ಉಪ್ಪಿನಕಾಯಿಯಲ್ಲಿ ನಿಂಬೆ, ಎಲ್ಲದರಲ್ಲೂ ಅರಿಶಿನ. ಬಿಳಿ ಅಮೃತಶಿಲೆ ಈ ಅಡುಗೆಯ ಮುಂದೆ ಒಂದು ವರ್ಷವೂ ತನ್ನ ಬಣ್ಣ ಉಳಿಸಿಕೊಳ್ಳುವುದು ಕಷ್ಟ.

ಮೂರು, ಬಣ್ಣದ ಗ್ರಾನೈಟ್. ಇಳಕಲ್ಲಿನ ಕೆಂಪು ಇದೆ. ಆಂಧ್ರದ ಚೀಮಕುರ್ತಿಯಿಂದ ಬರುವ, ಕಪ್ಪಿನ ಮೇಲೆ ಹೊನ್ನಿನ ಚುಕ್ಕೆ ಚೆಲ್ಲಿದಂಥ ಬ್ಲ್ಯಾಕ್ ಗ್ಯಾಲಕ್ಸಿ ಇದೆ. ಬೂದು, ಕಂದು, ಹಸಿರು ಎಲ್ಲವೂ ಇವೆ. ಇವು ಗಟ್ಟಿ ಕಲ್ಲುಗಳೇ. ತೀರ ಬಿಳಿಯ, ದೊಡ್ಡ ಕಣದ ಕಲ್ಲಾದರೆ ಮಾತ್ರ ಎಣ್ಣೆ ಹೀರುವ ಸ್ವಭಾವ ಹೆಚ್ಚು. ಅಂಥದ್ದಕ್ಕೆ ಸೀಲರ್ ಬಳಿಸಬೇಕು. ಆಗಾಗ ಮತ್ತೆ ಬಳಿಸಬೇಕು.

ನಾಲ್ಕು, ಕ್ವಾರ್ಟ್ಜ್ ಎಂದು ಮಾರುವ ಕಾರ್ಖಾನೆ ಕಲ್ಲು. ಕಲ್ಲಿನ ಪುಡಿಯನ್ನು ರಾಳದ ಅಂಟಿನಲ್ಲಿ ಕಲೆಸಿ ಒತ್ತಿ ಮಾಡಿದ್ದು. ನೋಡಲು ಒಂದೇ ಸಮ. ಕಲೆ ಹಿಡಿಯುವುದು ಕಡಿಮೆ. ಆದರೆ ಒಳಗಿರುವ ಅಂಟಿಗೆ ಕಾವು ಆಗದು. ಸುಮಾರು 150 ಡಿಗ್ರಿ ದಾಟಿದರೆ ಅದು ಕೆಡತೊಡಗುತ್ತದೆ. ಮುದ್ದೆ ತೊಳಸಿದ ಪಾತ್ರೆಯನ್ನು, ಒಗ್ಗರಣೆ ಬಾಣಲೆಯನ್ನು ನೇರ ಕಟ್ಟೆಯ ಮೇಲೆ ಇಳಿಸುವ ಮನೆಗೆ ಇದು ಹೊಂದುವುದಿಲ್ಲ. ಬೆಲೆಯೂ ಹೆಚ್ಚು.

ಕರಿಕಲ್ಲಿಗೆ ಕೊರತೆಯೇ ಇಲ್ಲವೇ? ಇದೆ. ನಮ್ಮ ಕೊಳವೆಬಾವಿ ನೀರು ಗಡಸು. ನೀರು ಒಣಗಿದ ಜಾಗದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವ ಅಭ್ಯಾಸ ಬೇಕು. ಬಚ್ಚಲು ತೊಳೆಯುವ ಆಸಿಡ್ ಅನ್ನು ಮಾತ್ರ ಯಾವ ಕಲ್ಲಿನ ಮೇಲೂ ಸುರಿಯಬೇಡಿ. ಇನ್ನು ಬೆಳಕು. ಕಿಟಕಿ ಸಣ್ಣದಿರುವ ಅಡುಗೆಮನೆಯಲ್ಲಿ ಕರಿಕಲ್ಲು ಹಾಕಿದರೆ ಗೋಡೆಗೆ ತಿಳಿ ಬಣ್ಣದ ಟೈಲ್ಸ್ ಹಾಕಿಸಿ. ಕತ್ತಲೆ ಎನಿಸುವುದಿಲ್ಲ.

ಹಾಗಾದರೆ ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮೇಲ್ಮೈಗೆ ಕರಿಕಲ್ಲು ಅಥವಾ ಗಟ್ಟಿ ಗ್ರಾನೈಟ್. ಒಳಗಿನ ಹಲಗೆಗೆ ಕಡಪ. ಈಗ ಅಂಗಡಿಗೆ ಹೋಗೋಣ. ಅಲ್ಲಿ ಕಲ್ಲನ್ನು ಪರೀಕ್ಷಿಸುವುದು ಹೇಗೆ?

ಕೈಯಲ್ಲಿ ನಾಲ್ಕು ವಸ್ತು ಇರಲಿ. ಒಂದು ನಿಂಬೆಹಣ್ಣು. ಒಂದು ಬಿಳಿ ಬಟ್ಟೆ. ಉಗುರು ಬಣ್ಣ ತೆಗೆಯುವ ದ್ರವದ ಪುಟ್ಟ ಸೀಸೆ. ಒಂದು ಅಳತೆ ಟೇಪು.

ಕಲ್ಲಿನ ಒಂದು ಚೂರು ಕೇಳಿ ಪಡೆಯಿರಿ. ಪಾಲಿಶ್ ಇರುವ ಕಡೆ ನಿಂಬೆ ರಸ ಹಿಂಡಿ ಕಾಲು ಗಂಟೆ ಬಿಡಿ. ಒರೆಸಿ ನೋಡಿ. ಹೊಳಪು ಮಂಕಾಗಿದ್ದರೆ ಅದರಲ್ಲಿ ಸುಣ್ಣವಿದೆ. ಕರಿಕಲ್ಲು ಎಂದು ಕಡಪ ಕೊಡುತ್ತಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಮುಂದೆ, ಬಿಳಿ ಬಟ್ಟೆಗೆ ಉಗುರು ಬಣ್ಣ ತೆಗೆಯುವ ದ್ರವ ಹಚ್ಚಿ ಕಲ್ಲನ್ನು ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ ಎಂದರ್ಥ. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ಮೋಸ. ಮನೆಯಲ್ಲಿ ನಾಲ್ಕು ತಿಂಗಳು ಸೋಪು ನೀರು ಬಿದ್ದರೆ ಆ ಬಣ್ಣ ಇಳಿಯುತ್ತದೆ.

ಆಮೇಲೆ ಸ್ಲ್ಯಾಬ್ ಮೇಲೆ ನೀರು ಚೆಲ್ಲಿಸಿ. ಒಣಗುವಾಗ ಗಮನಿಸಿ. ಎಲ್ಲ ಕಡೆ ಒಣಗಿ ಒಂದು ಕೂದಲೆಳೆಯಷ್ಟು ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅದು ಬಿರುಕು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸ್ಲ್ಯಾಬ್ ಖಣ್ ಎನ್ನುತ್ತದೆ. ಬಿರುಕಿನದು ಡಬ್ ಎನ್ನುತ್ತದೆ. ಸ್ಲ್ಯಾಬ್‌ನ ಹಿಂಬದಿಯನ್ನೂ ನೋಡಿ. ಬಲೆಯಂಥ ಬಟ್ಟೆ ಅಂಟಿಸಿದ್ದರೆ ಏಕೆಂದು ಕೇಳಿ. ಕಲ್ಲು ಮುರಿಯದಂತೆ ಹಿಡಿದಿಡಲು ಹಾಗೆ ಮಾಡುತ್ತಾರೆ.

ಕೊನೆಗೆ ದಪ್ಪ. ಟೇಪು ಹಿಡಿದು ಮೂರು ನಾಲ್ಕು ಕಡೆ ಅಳೆಯಿರಿ. ಅಡುಗೆ ಕಟ್ಟೆಗೆ ಮುಕ್ಕಾಲು ಅಂಗುಲದ ಹತ್ತಿರ ಇರಲೇಬೇಕು. ಅಂದರೆ 18 ಮಿಲಿಮೀಟರ್‌ಗೆ ಕಡಿಮೆ ಬೇಡ. ಗೋಡೆಗೆ ಹಾಕುವ ತೆಳು ಕಲ್ಲನ್ನು ಅಗ್ಗವೆಂದು ಕಟ್ಟೆಗೆ ತರಬೇಡಿ.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಹೊರದೇಶಕ್ಕೆ ಹೋಗುವ ಕಲ್ಲು ಒಂದು ಮಚ್ಚೆಯಿಲ್ಲದೆ ಅಚ್ಚ ಕಪ್ಪಾಗಿರಬೇಕು. ಸಣ್ಣ ಬಿಳಿ ಗೆರೆ ಇದ್ದರೆ, ಬಣ್ಣ ತುಸು ಬೂದಾಗಿದ್ದರೆ ಅದು ಬದಿಗೆ ಬೀಳುತ್ತದೆ. ಆ ಗೆರೆ ಬಿರುಕಲ್ಲವಾದರೆ ಅಡುಗೆ ಕಟ್ಟೆಗೆ ಅದರಿಂದ ಏನೂ ತೊಂದರೆಯಿಲ್ಲ. ಗುಣ ಅದೇ. ಬೆಲೆ ಕಡಿಮೆ. ಪಾಲಿಶ್ ಕಾರ್ಖಾನೆಗಳಲ್ಲಿ ಇಂಥ ಸ್ಲ್ಯಾಬ್ ಇದೆಯೇ ಎಂದು ಧೈರ್ಯವಾಗಿ ಕೇಳಿ.

ಕಲ್ಲು ಯಾವುದು ಎಂದು ಗೊತ್ತಾಯಿತು. ಪರೀಕ್ಷೆ ಹೇಗೆ ಎಂದೂ ಗೊತ್ತಾಯಿತು. ಇನ್ನು ದುಡ್ಡಿನ ಲೆಕ್ಕ. ಕಾಗದ, ಪೆನ್ನು ಹತ್ತಿರವಿದ್ದರೆ ತೆಗೆದುಕೊಳ್ಳಿ.

ಒಂದು ಮೂಲೆ ಕಟ್ಟೆಯನ್ನು ಕಲ್ಪಿಸಿಕೊಳ್ಳಿ. ಒಂದು ಗೋಡೆಗೆ 10 ಅಡಿ ಉದ್ದ. ಪಕ್ಕದ ಗೋಡೆಗೆ 6 ಅಡಿ. ಅಗಲ 2 ಅಡಿ. 10 ಅಡಿಯನ್ನು 2 ಅಡಿಯಿಂದ ಗುಣಿಸಿದರೆ 20. ಪಕ್ಕದ 6 ಅಡಿಯಲ್ಲಿ ಮೂಲೆಯ 2 ಅಡಿ ಆಗಲೇ ಲೆಕ್ಕಕ್ಕೆ ಬಂದಿದೆ. ಉಳಿದದ್ದು 4 ಅಡಿ. ಅದರ ವಿಸ್ತೀರ್ಣ 8. ಒಟ್ಟು 28 ಚದರಡಿ. ಮೂಲೆಯನ್ನು ಎರಡು ಸಲ ಎಣಿಸಿ 32 ಎಂದು ಬಿಲ್ ಮಾಡುವವರೂ ಇದ್ದಾರೆ. ಎಚ್ಚರವಿರಲಿ.

28 ಚದರಡಿ ಕಟ್ಟೆಗೆ 28 ಚದರಡಿ ಕಲ್ಲು ಸಾಲದು. ಕತ್ತರಿಸುವಾಗ ತುಂಡು ಉಳಿಯುತ್ತದೆ. ಸುಮಾರು 33 ಚದರಡಿ ಕೊಳ್ಳಬೇಕಾದೀತು. ಸ್ಲ್ಯಾಬ್‌ಗಳಲ್ಲಿ ಎರಡು ಬಗೆ. ಗ್ಯಾಂಗ್‌ಸಾ ಸ್ಲ್ಯಾಬ್ ದೊಡ್ಡದು, ಅಗಲ ಐದಾರು ಅಡಿ. ಕಟರ್ ಸ್ಲ್ಯಾಬ್ ಕಿರಿದು, ಅಗಲ ಎರಡು ಮೂರು ಅಡಿ. ಕಟ್ಟೆಗೆ ಕಟರ್ ಸ್ಲ್ಯಾಬ್ ಸಾಕು. ಬೆಲೆಯೂ ಕಡಿಮೆ, ವ್ಯರ್ಥವೂ ಕಡಿಮೆ. ಅಳೆಯುವಾಗ ಮುರಿದ ಮೂಲೆ, ಸೊಟ್ಟ ಅಂಚು ಬಿಟ್ಟು ಅಳೆಯಲು ಹೇಳಿ.

ಈಗ ದರ. ಕಲ್ಲಿನ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಲೆಕ್ಕ ತಿಳಿಯಲಿ ಎಂದು ಮಾತ್ರ ಚದರಡಿಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. 33 ಚದರಡಿಗೆ 6,600 ರೂಪಾಯಿ. ಪಾಲಿಶ್ ಆದ ಸ್ಲ್ಯಾಬ್‌ಗೆ ಜಿಎಸ್‌ಟಿ ನೂರಕ್ಕೆ 18. ಅದು ಸುಮಾರು 1,200. ಅಲ್ಲಿಗೆ ಕಲ್ಲಿಗೆ 7,800 ಆಯಿತು.

ಬಹಳ ಜನ ಇಲ್ಲಿಗೆ ಲೆಕ್ಕ ಮುಗಿಸುತ್ತಾರೆ. ಲೆಕ್ಕ ಶುರುವಾಗುವುದೇ ಇಲ್ಲಿಂದ. ಇವೂ ಲೆಕ್ಕದ ಸಂಖ್ಯೆಗಳೇ, ನಿಮ್ಮೂರಿನ ದರ ಕೇಳಿ ತುಂಬಿಕೊಳ್ಳಿ. ಹಳೆಯ ಕಟ್ಟೆ ಒಡೆದು ಮಣ್ಣು ಹೊರಲು 3,000. ನೀರಿನ ಪೈಪು, ಸಿಂಕ್ ಕೆಲಸಕ್ಕೆ 1,500. ಸಾಗಣೆ, ಇಳಿಸುವ ಕೂಲಿ 1,000. ಅಂಚಿನ ಮೋಲ್ಡಿಂಗ್‌ಗೆ 1,000. ಸಿಂಕ್ ಕಟಿಂಗ್‌ಗೆ 500. ಸಿಮೆಂಟು, ಮರಳು, ಅಂಟಿಗೆ 1,500. ಕಲ್ಲು ಕೂರಿಸುವ ಕೂಲಿ 2,000. ಇವೆಲ್ಲ ಸೇರಿ 10,500.

ಕಲ್ಲಿಗೆ 7,800. ಉಳಿದದ್ದಕ್ಕೆ 10,500. ಒಟ್ಟು ಸುಮಾರು 18,000. ಅದರ ಮೇಲೆ ನೂರಕ್ಕೆ ಹತ್ತರಷ್ಟು ಕೈಗಾವಲಿಗೆ ಇಡಿ. ಅಂದರೆ 20,000 ಸಿದ್ಧವಿರಬೇಕು.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತವೆ. ಒಟ್ಟು ಖರ್ಚಿನಲ್ಲಿ ಕಲ್ಲಿನ ಪಾಲು ಅರ್ಧಕ್ಕಿಂತ ಕಡಿಮೆ. ಚದರಡಿಗೆ 50 ರೂಪಾಯಿ ಹೆಚ್ಚು ಕೊಟ್ಟು ಗಟ್ಟಿ ಕಲ್ಲು ತಂದರೂ ತೆರಿಗೆ ಸೇರಿ ಏರುವುದು ಸುಮಾರು 2,000. ಅದೇ 50 ರೂಪಾಯಿ ಉಳಿಸಲು ಹೋಗಿ ತೆಳುಕಲ್ಲು ತಂದು, ಅದು ಬಿರುಕು ಬಿಟ್ಟರೆ, ಒಡೆಯುವ ಕೂಲಿ ಮತ್ತೆ, ಕೂರಿಸುವ ಕೂಲಿ ಮತ್ತೆ, ಕಲ್ಲೂ ಮತ್ತೆ.

ಎರಡನೆಯದು, ಉಳಿಸಬಹುದಾದ ಜಾಗ ಬೇರೆ ಇದೆ. ಹಳೆಯ ಕಟ್ಟೆಯ ಕೆಳಗಿನ ಇಟ್ಟಿಗೆ ಕಂಬ, ಕಾಂಕ್ರೀಟ್ ಹಲಗೆ ಗಟ್ಟಿಯಿದ್ದರೆ ಒಡೆಸಬೇಡಿ. ಮೇಲಿನ ಪದರ ಕೆತ್ತಿ ಅದರ ಮೇಲೆಯೇ ಹೊಸ ಕಲ್ಲು ಕೂರಿಸಬಹುದು. ಅಂಚಿಗೆ ಸಾದಾ ಅರ್ಧ ದುಂಡು ಮೋಲ್ಡಿಂಗ್ ಸಾಕು. ಎರಡು ಕಲ್ಲು ಅಂಟಿಸಿ ದಪ್ಪ ತೋರಿಸುವ ಅಲಂಕಾರಕ್ಕೆ ಕಲ್ಲೂ ಹೆಚ್ಚು, ಕೂಲಿಯೂ ಹೆಚ್ಚು. ಉಳಿದ ತುಂಡುಗಳನ್ನು ಕಿಟಕಿ ಕಟ್ಟೆಗೆ, ಹೊಸ್ತಿಲಿಗೆ, ಬಟ್ಟೆ ಒಗೆಯುವ ಜಾಗಕ್ಕೆ ಬಳಸಿ. ದುಡ್ಡು ಕೊಟ್ಟ ಕಲ್ಲು ಅದು, ಕಾರ್ಖಾನೆಯಲ್ಲೇ ಬಿಟ್ಟು ಬರಬೇಡಿ.

ಕಲ್ಲು, ಪರೀಕ್ಷೆ, ಲೆಕ್ಕ, ಮೂರೂ ಆಯಿತು. ಈಗ ಕೂರಿಸುವ ಕೆಲಸ. ಒಳ್ಳೆಯ ಕಲ್ಲು ಕೆಟ್ಟ ಕೆಲಸದಲ್ಲಿ ಹಾಳಾಗುತ್ತದೆ.

ಮೊದಲು ಎತ್ತರ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆಯಿರಿ. ಮೊಣಕೈಯಿಂದ ಮೂರು ನಾಲ್ಕು ಅಂಗುಲ ಕೆಳಗೆ ಕಟ್ಟೆ ಬರಲಿ. ಸಾಮಾನ್ಯವಾಗಿ 32ರಿಂದ 34 ಅಂಗುಲ ಆಗುತ್ತದೆ. ಒಲೆಯನ್ನು ಕಟ್ಟೆಯ ಮೇಲಿಡುವುದಾದರೆ ಪಾತ್ರೆ ಇನ್ನೂ ಮೇಲೇರುತ್ತದೆ. ಮುದ್ದೆ ತೊಳಸಲು ತೋಳಿಗೆ ಬಲ ಬೇಕು. ಎತ್ತರದ ಒಲೆಯ ಮುಂದೆ ಆ ಬಲ ಸಿಗುವುದಿಲ್ಲ. ಅಂಥ ಮನೆಯಲ್ಲಿ ಕಟ್ಟೆ ಒಂದೆರಡು ಅಂಗುಲ ತಗ್ಗಲಿ. ಈ ಅಳತೆ ಹೇಳಬೇಕಾದವರು ಮೇಸ್ತ್ರಿಯಲ್ಲ, ಮನೆಯ ಹೆಣ್ಣುಮಕ್ಕಳು.

ಎರಡನೆಯದು ಭಾರ. ಮುಕ್ಕಾಲು ಅಂಗುಲದ ಕರಿಕಲ್ಲು ಚದರಡಿಗೆ ಐದರಿಂದ ಐದೂವರೆ ಕಿಲೋ ತೂಗುತ್ತದೆ. ನಾವು ಲೆಕ್ಕ ಹಾಕಿದ ಕಟ್ಟೆಯ ಕಲ್ಲೇ ಸುಮಾರು ಒಂದೂವರೆ ಕ್ವಿಂಟಾಲ್. ಅದರ ಮೇಲೆ ನೀರು ತುಂಬಿದ ಪಾತ್ರೆ, ಗ್ರೈಂಡರ್. ಕೆಳಗಿನ ಆಸರೆ ಸಮವಾಗಿರಬೇಕು. ಕಲ್ಲಿನಡಿ ಟೊಳ್ಳು ಉಳಿದರೆ ತೆಂಗಿನಕಾಯಿ ಒಡೆದ ದಿನವೇ ಬಿರುಕು ಬಿಡುತ್ತದೆ.

ಮೂರನೆಯದು ಸಿಂಕ್. ಸಿಂಕಿಗೆ ಕೊರೆಯುವ ಕಿಂಡಿಯ ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದಲೇ ಕಲ್ಲು ಸೀಳುವುದು. ಸಿಂಕಿನ ಮುಂದೆ ಮೂರು ಅಂಗುಲ ಕಲ್ಲು ಉಳಿಯಲಿ. ಎರಡು ಕಲ್ಲು ಕೂಡುವ ಸಂದು ಸಿಂಕಿನ ಮೇಲಾಗಲಿ ಒಲೆಯ ಕೆಳಗಾಗಲಿ ಬರಬಾರದು. ಮುಂದಿನ ಅಂಚು ಒಂದು ಅಂಗುಲ ಹೊರಚಾಚಲಿ. ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಅಂಚಿನಿಂದ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಪಾಟಿನ ಒಳಗೆ ಹರಿಯುವುದಿಲ್ಲ.

ನಿಮ್ಮ ಮನೆಯ ಒಳಗಿನ ಮಾತು ಇಷ್ಟು. ಈಗ ಆ ಕಲ್ಲು ನಿಮ್ಮ ಮನೆಗೆ ಬರುವ ದಾರಿಯಲ್ಲಿ ನಿಂತವರ ಮಾತು. ಇದನ್ನು ಲೆಕ್ಕದಿಂದ ಹೊರಗೆ ಬಿಡಬಾರದು.

ಕಲ್ಲು ಕತ್ತರಿಸುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗುತ್ತದೆ. ಆ ರೋಗದ ಹೆಸರು ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗುವುದಿಲ್ಲ. ನಮ್ಮ ಕರಿಕಲ್ಲಿನಲ್ಲಿ ಸಿಲಿಕಾ ಹರಳು ಬಹಳ ಕಡಿಮೆ. ಬಣ್ಣದ ಗ್ರಾನೈಟ್‌ಗಳಲ್ಲಿ ಹೆಚ್ಚು. ಕಾರ್ಖಾನೆಯ ಕ್ವಾರ್ಟ್ಜ್ ಕಲ್ಲಿನಲ್ಲಿ ಎಲ್ಲಕ್ಕಿಂತ ಹೆಚ್ಚು, ನೂರಕ್ಕೆ 90ರವರೆಗೂ ಇರಬಲ್ಲದು. ಆಸ್ಟ್ರೇಲಿಯಾದಲ್ಲಿ ಅಡುಗೆ ಕಟ್ಟೆ ಕತ್ತರಿಸುವ ಯುವಕರಿಗೆ ಈ ರೋಗ ಹರಡಿತು. ಆ ದೇಶ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು.

ನಮ್ಮಲ್ಲಿ ಏನಾಗುತ್ತಿದೆ? ಮನೆಯ ಮುಂದೆ, ತಾರಸಿಯ ಮೇಲೆ, ಕೈ ಕಟರ್ ಹಿಡಿದು ಒಣಕಲ್ಲನ್ನು ಕತ್ತರಿಸುತ್ತಾರೆ. ಹುಡುಗರ ತಲೆ, ಮುಖ, ರೆಪ್ಪೆ ಎಲ್ಲ ಬೂದಿ. ನೀವು ಮನೆಯ ಯಜಮಾನರು. ಅಳತೆ ಕೊಟ್ಟು ಕಾರ್ಖಾನೆಯಲ್ಲೇ ನೀರು ಬಿಟ್ಟು ಕತ್ತರಿಸಿ ತರಲು ಹೇಳಿ. ಮನೆಯಲ್ಲಿ ಕತ್ತರಿಸಲೇಬೇಕಾದರೆ ಒಬ್ಬರು ನೀರು ಹಾಕುತ್ತಿರಲಿ. ಒಳ್ಳೆಯ ಮಾಸ್ಕ್ ಕೊಡಿಸಿ. ಅದರ ಖರ್ಚು ನಿಮ್ಮ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ.

ಕ್ವಾರಿಯ ಕೆಲಸವೂ ಅಪಾಯದ್ದೇ. 2022ರ ಮಾರ್ಚ್ ತಿಂಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿಯಿತು. ದುಡಿಯಲು ಬಂದವರು ಬಂಡೆಗಳ ಅಡಿ ಸಿಕ್ಕಿ ಪ್ರಾಣ ಬಿಟ್ಟರು. ಗುಡ್ಡಗಳೂ ಮತ್ತೆ ಬೆಳೆಯುವುದಿಲ್ಲ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಅದರೊಳಗೆ ವ್ಯಾಪಾರಕ್ಕಾಗಿ ಕಲ್ಲು ಒಡೆಯಲು ಅವಕಾಶವಿಲ್ಲ. ಕಾಡಂಚಿನಲ್ಲಿ ಕದ್ದು ತೆಗೆದ ಕಲ್ಲಿಗೆ ಬಿಲ್ ಇರುವುದಿಲ್ಲ. ತೆರಿಗೆ ಉಳಿಯುತ್ತದೆ ಎಂದು ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ ಕೇಳುವುದು ನಮ್ಮ ಗುಡ್ಡ ಕಾಯುವ ಕೆಲಸವೂ ಹೌದು.

ಕೇಳುಗರೇ, ಹೇಳಿದ್ದನ್ನು ಕೂಡಿಸಿ ಮುಗಿಸುತ್ತೇನೆ. ಕಟ್ಟೆಯ ಮೇಲೆ ಕರಿಕಲ್ಲು, ಒಳಗೆ ಕಡಪ. ಅಂಗಡಿಯಲ್ಲಿ ನಿಂಬೆ, ಬಟ್ಟೆ, ನೀರು, ಟೇಪಿನ ಪರೀಕ್ಷೆ. ದಪ್ಪ ಮುಕ್ಕಾಲು ಅಂಗುಲ. ಲೆಕ್ಕ ಪೂರ್ತಿ ಕೆಲಸದ್ದು, ಅದರ ಮೇಲೆ ಹತ್ತನೇ ಒಂದು ಪಾಲು ಕೈಗಾವಲು. ಕತ್ತರಿಸುವುದು ನೀರು ಹಾಕಿ.

ಚಾಮರಾಜನಗರ ಸೀಮೆಯವರಿಗೆ ಅಡುಗೆ ಕಟ್ಟೆಗೆ ನಮ್ಮ ಕರಿಕಲ್ಲಿಗಿಂತ ಒಳ್ಳೆಯ ಕಲ್ಲು ಬೇಕಿಲ್ಲ. ಇದು ನನ್ನ ಖಚಿತವಾದ ಮಾತು. ಈ ವರ್ಷ ಮನೆ ರಿಪೇರಿಗೆ ಹೊರಟಿರುವವರು ದಯವಿಟ್ಟು ಕಲ್ಲಿನ ಅಂಗಡಿಗೆ ಹೋಗುವ ಮುನ್ನ ಒಂದು ಕಾಗದದ ಮೇಲೆ ಖರ್ಚಿನ ಎಲ್ಲ ಬಾಬತ್ತುಗಳನ್ನೂ ಬರೆದುಕೊಳ್ಳಿ. ಅಡುಗೆ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಿಲ್ ಪಡೆದೇ ಬನ್ನಿ.